ಮಳೆಗಾಲದಲ್ಲಿ ಬಾಚಣಿಗೆ–ಕಾಗದದ ಪ್ರಯೋಗ ಯಾಕೆ ಆಗುವುದಿಲ್ಲ? ಕಾಸರಗೋಡು ಕಡೆಯವರು ಸ್ವಲ್ಪ ಹೇಳಿ

ಪೆರ್ಲದ ಅಮ್ಮ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ದೊಡ್ಡ ರಗಳೆ ಆಗಿದೆ. ಮಗಳು ಆರನೇ ಕ್ಲಾಸು, ಕನ್ನಡ ಮೀಡಿಯಂ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರಿನ ಹತ್ತಿರ ತಂದರೆ ಚೂರು ಹಾರಿ ಬಂದು ಅಂಟಿಕೊಳ್ಳಬೇಕು ಅಲ್ವಾ? ನಮ್ಮಲ್ಲಿ ಒಂದು ಚೂರೂ ಅಲ್ಲಾಡುವುದಿಲ್ಲ. ಪುಗ್ಗೆ ಊದಿ ಉಜ್ಜಿ ಗೋಡೆಗೆ ಅಂಟಿಸಲು ನೋಡಿದೆವು, ಅದೂ ಜಾರಿ ಬೀಳುತ್ತದೆ. ವೀಡಿಯೊದಲ್ಲಿ ಎಲ್ಲ ಮಕ್ಕಳಿಗೂ ಆಗುತ್ತದೆ, ನನಗೆ ಮಾತ್ರ ಯಾಕೆ ಆಗುವುದಿಲ್ಲ ಅಂತ ಅವಳಿಗೆ ಅಳು.

ಈಗ ಇಲ್ಲಿ ಜೋರು ಮಳೆ. ಒಗೆದ ಬಟ್ಟೆ ಒಣಗುವುದೇ ಇಲ್ಲ. ಮಳೆಗೂ ಇದಕ್ಕೂ ಸಂಬಂಧ ಉಂಟಾ? ಮುಂದಿನ ವಾರ ಶಾಲೆಯಲ್ಲಿ ಮಾಡಿ ತೋರಿಸಬೇಕಂತೆ. ಮನೆಯ ಸಾಮಾನಿನಲ್ಲೇ ಆಗುವ ದಾರಿ ಇದ್ದರೆ ಹೇಳಿ.

ಬದಿಯಡ್ಕದವ
ಖಂಡಿತ ಸಂಬಂಧ ಉಂಟು. ಗಾಳಿಯಲ್ಲಿ ನೀರಿನ ಅಂಶ ಜಾಸ್ತಿಯಾದರೆ ಗಾಳಿಯೇ ಕರೆಂಟನ್ನು ಒಯ್ದುಬಿಡುತ್ತದೆ. ಇದು ಡಿಸೆಂಬರ್, ಜನವರಿಯಲ್ಲಿ ಮಾಡುವ ಪ್ರಯೋಗ. ಸುಮ್ನೆ ಈಗ ಮಗುವನ್ನು ಅಳಿಸಬೇಡಿ.

ಅಕ್ಕಲಕೋಟೆ ಕನ್ನಡಿಗ
ಚಳಿಗಾಲದಲ್ಲಿ ನಮ್ಮ ಸೋಲಾಪುರ ಜಿಲ್ಲೆಗೆ ಬನ್ನಿ ಅಕ್ಕಾರೆ. ರಾತ್ರಿ ದೀಪ ಆರಿಸಿ ಕಂಬಳಿ ಕೊಡವಿದರೆ ಚಟಚಟ ಸದ್ದು, ಜೊತೆಗೆ ಸಣ್ಣ ಸಣ್ಣ ಕಿಡಿ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಕಲಿಸುವುದೇ ಬೇಡ, ತಾನಾಗಿ ಗೊತ್ತಾಗುತ್ತದೆ.

ಮುಳ್ಳೇರಿಯದ ಮಾಷ್ಟ್ರು
ಬದಿಯಡ್ಕದವರು ಹೇಳಿದ್ದರಲ್ಲಿ ಅರ್ಧ ಸರಿ. ಮಳೆಗಾಲ ಕಾರಣ ಹೌದು. ಆದರೆ ಗಾಳಿ ಕರೆಂಟು ಒಯ್ಯುತ್ತದೆ ಅನ್ನುವುದು ಸರಿಯಲ್ಲ. ತೇವ ಇರುವ ಗಾಳಿಯಲ್ಲೂ ಕರೆಂಟು ಸುಲಭದಲ್ಲಿ ಹರಿಯುವುದಿಲ್ಲ. ತೊಂದರೆ ಇರುವುದು ವಸ್ತುವಿನ ಮೈಮೇಲೆ. ಬಾಚಣಿಗೆ, ಪುಗ್ಗೆ, ಬಟ್ಟೆ, ಕಾಗದ, ಎಲ್ಲದರ ಮೇಲೂ ಕಣ್ಣಿಗೆ ಕಾಣದ ತೆಳು ನೀರಿನ ಪದರ ಕೂರುತ್ತದೆ. ಕೈಯ ಬೆವರಿನ ಉಪ್ಪೂ ಅದಕ್ಕೆ ಸೇರಿದರೆ ಮುಗಿಯಿತು. ಉಜ್ಜಿದಾಗ ಬಂದ ಚಾರ್ಜ್, ಅಂದರೆ ವಿದ್ಯುತ್ತಿನ ಅಂಶ, ಆ ಪದರದಲ್ಲೇ ಹರಿದು ಕೈಗೆ ಬರುತ್ತದೆ, ಕೈಯಿಂದ ನೆಲಕ್ಕೆ ಹೋಗುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಗಾಳಿಯದ್ದೇ ತೊಂದರೆ ಆಗಿದ್ದರೆ ನಮ್ಮ ಕೈಯಲ್ಲಿ ಎಂತದೂ ಇರುತ್ತಿರಲಿಲ್ಲ. ಆಟಿ ತಿಂಗಳ ಮಳೆಗಾಲದ ಗಾಳಿಯನ್ನು ಯಾರು ಒಣಗಿಸುತ್ತಾರೆ? ವಸ್ತುವಿನ ಮೈಯನ್ನು ಒಣಗಿಸಬಹುದು. ಸುತ್ತಲಿನ ಗಾಳಿಗಿಂತ ವಸ್ತು ಸ್ವಲ್ಪ ಬೆಚ್ಚಗಿದ್ದರೆ ಆ ಪದರ ನಿಲ್ಲುವುದಿಲ್ಲ.

ಹೀಗೆ ಮಾಡಿ. ಬಾಚಣಿಗೆಯನ್ನು ಸೋಪು ಹಾಕಿ ತೊಳೆಯಿರಿ, ಸೋಪು ಉಳಿಯದ ಹಾಗೆ ಮತ್ತೆ ಮತ್ತೆ ನೀರಲ್ಲಿ ಜಾಲಿಸಿ. ಒರೆಸಿ, ಬಚ್ಚಲ ಒಲೆಯಿಂದ ಒಂದೆರಡು ಮೊಳ ದೂರದಲ್ಲಿ ಬೆಚ್ಚಗಾಗುವ ತನಕ ಇಡಿ. ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟ ಆಗುತ್ತದೆ. ಉಜ್ಜುವ ಬಟ್ಟೆಗೂ ಕಾಗದಕ್ಕೂ ಇಸ್ತ್ರಿ ಹಾಕಿ. ಬಿಸಿ ಆರುವ ಮೊದಲೇ ಉಜ್ಜಿ ನೋಡಿ. ಕಾಗದದ ಚೂರು ಅಕ್ಕಿಕಾಳಿನಷ್ಟೇ ಇರಲಿ. ನೋಟ್‌ಬುಕ್ಕಿನ ದಪ್ಪ ಕಾಗದಕ್ಕಿಂತ ತೆಳು ಟಿಶ್ಯೂ ಒಳ್ಳೆಯದು. ಬಾಚಣಿಗೆಯ ಹಿಡಿ ಮಾತ್ರ ಹಿಡಿಯಿರಿ, ಉಜ್ಜಿದ ಭಾಗಕ್ಕೆ ಬೆರಳು ತಾಗಬಾರದು.

ಬದಿಯಡ್ಕದವ
ಮಾಷ್ಟ್ರೇ, ನಾನು ಓದಿದ ಪುಸ್ತಕದಲ್ಲಿ ತೇವದ ಗಾಳಿಯಲ್ಲಿ ಚಾರ್ಜ್ ಸೋರುತ್ತದೆ ಅಂತಲೇ ಇತ್ತು.

ಮುಳ್ಳೇರಿಯದ ಮಾಷ್ಟ್ರು
ಸೋರುತ್ತದೆ, ಅದು ನಿಜ. ಯಾವ ದಾರಿಯಲ್ಲಿ ಅನ್ನುವುದಷ್ಟೇ ಪ್ರಶ್ನೆ. ಮನೆಯಲ್ಲೇ ನೋಡಬಹುದು. ಒಂದೇ ಕೋಣೆ, ಒಂದೇ ಗಾಳಿ, ಒಂದೇ ತರಹದ ಎರಡು ಬಾಚಣಿಗೆ. ಒಂದು ತಣ್ಣಗಿರಲಿ, ಇನ್ನೊಂದು ಬೆಚ್ಚಗಿರಲಿ. ಗಾಳಿಯಿಂದಲೇ ಆಗುವುದಾದರೆ ಎರಡೂ ಸೋಲಬೇಕಲ್ಲ.

ಉಪ್ಪಳದ ಅತ್ತಿಗೆ
ಮಗುವಿನ ತಲೆಗೆ ಎಣ್ಣೆ ಉಂಟಾ? ಅದನ್ನು ಯಾರೂ ಕೇಳಲೇ ಇಲ್ಲ.

ಪೆರ್ಲದ ಅಮ್ಮ
ಉಂಟು. ಬೆಳಿಗ್ಗೆ ತೆಂಗಿನೆಣ್ಣೆ ಹಾಕಿ ಎರಡು ಜಡೆ ಕಟ್ಟದೆ ಶಾಲೆಗೆ ಕಳಿಸುವ ಮನೆ ನಮ್ಮ ಕಡೆ ಯಾವುದು ಅತ್ತಿಗೆ?

ಉಪ್ಪಳದ ಅತ್ತಿಗೆ
ಹಾಗಾದರೆ ತಲೆಗೆ ಉಜ್ಜುವುದೇ ಬೇಡ. ವೀಡಿಯೊದ ಮಕ್ಕಳದ್ದು ಶಾಂಪೂ ಹಾಕಿ ಒಣಗಿಸಿದ ಕೂದಲು. ಎಣ್ಣೆ ಇದ್ದರೆ ಬಾಚಣಿಗೆಯ ಮೇಲೂ ಎಣ್ಣೆ, ಕೂದಲ ಮೇಲೂ ಎಣ್ಣೆ. ಎಣ್ಣೆಗೆ ಎಣ್ಣೆ ಉಜ್ಜಿದರೆ ಎಂತ ಬರುತ್ತದೆ? ಎರಡು ಬೇರೆ ಬೇರೆ ವಸ್ತು ತಾಗಬೇಕು. ಅಜ್ಜನ ಉಣ್ಣೆ ಶಾಲು ಇದ್ದರೆ ಅದಕ್ಕೆ ಉಜ್ಜಿ.

ತೋಟದ ಹುಡುಗ, ಎಣ್ಮಕಜೆ
ಬಾಚಣಿಗೆ ಬಿಡಿ ಅಕ್ಕ. ಅಡಿಕೆ ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನ ತುಂಡು ಮನೆ ಹಿಂದೆ ಬಿದ್ದಿರುತ್ತದಲ್ಲ, ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕೈಯುದ್ದದ ತುಂಡು, ಒಂದು ಇಂಚು ದಪ್ಪ ಸಾಕು. ತೊಳೆದು ಬೆಚ್ಚಗೆ ಮಾಡಿ ಉಣ್ಣೆಯಲ್ಲಿ ಜೋರಾಗಿ ಉಜ್ಜಿ. ಉಣ್ಣೆ ಇಲ್ಲದಿದ್ದರೆ ಒಣ ಪೇಪರಿನಲ್ಲಿ. ಪಿವಿಸಿ ಎಲೆಕ್ಟ್ರಾನನ್ನು (ಋಣ ಚಾರ್ಜಿನ ಸಣ್ಣ ಕಣ) ಸುಲಭದಲ್ಲಿ ಎಳೆದುಕೊಳ್ಳುತ್ತದೆ, ಉಜ್ಜಲು ಜಾಗವೂ ಜಾಸ್ತಿ. ಖಾಲಿ ಅಲ್ಯುಮಿನಿಯಂ ಕ್ಯಾನನ್ನು ನೆಲದ ಮೇಲೆ ಅಡ್ಡ ಮಲಗಿಸಿ ಪೈಪು ಹತ್ತಿರ ತನ್ನಿ. ಮುಟ್ಟದೇ ಉರುಳಿ ಬರುತ್ತದೆ. ಪೈಪನ್ನು ಹಿಂದೆ ಹಿಂದೆ ಒಯ್ದರೆ ಕ್ಯಾನೂ ಹಿಂಬಾಲಿಸುತ್ತದೆ. ಮಕ್ಕಳಿಗೆ ಕಾಗದಕ್ಕಿಂತ ಇದು ಖುಷಿ.

ಇನ್ನೊಂದು ಉಂಟು. ಒಂದು ತಟ್ಟೆಯಲ್ಲಿ ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ. ಪೈಪನ್ನು ಮೇಲಿನಿಂದ ನಿಧಾನ ಇಳಿಸಿ. ಹಗುರ ಇರುವ ಮೆಣಸಿನ ಪುಡಿ ಮೊದಲು ಹಾರಿ ಅಂಟುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ತೀರ ಹತ್ತಿರ ಹೋದರೆ ಉಪ್ಪೂ ಬರುತ್ತದೆ.

ಬದಿಯಡ್ಕದವ
ಈ ಮಳೆಗೆ ಭರಣಿಯ ಉಪ್ಪು ನೀರಾಗಿ ಕೂತಿದೆ ಮಾರಾಯ. ಆ ಉಪ್ಪಿನಲ್ಲಿ ಮೆಣಸಿನ ಪುಡಿ ಮುದ್ದೆಯಾಗುತ್ತದೆ, ಹಾರುವುದಿಲ್ಲ.

ತೋಟದ ಹುಡುಗ, ಎಣ್ಮಕಜೆ
ಬಾಣಲೆಯಲ್ಲಿ ಹುರಿದುಕೊಳ್ಳಿ ಅಣ್ಣ. ಮೆಣಸನ್ನೂ ಒಟ್ಟಿಗೆ ಬೆಚ್ಚಗೆ ಮಾಡಿ ಪುಡಿ ಮಾಡಿ. ಪುಡಿ ಮಗುವಿನ ಕಣ್ಣಿಗೆ ಹೋಗದ ಹಾಗೆ ನೋಡಿದರೆ ಆಯ್ತು.

ಕುಂಬಳೆ ಝೆರಾಕ್ಸ್ ಅಂಗಡಿ
ಮಾಷ್ಟ್ರು ಹೇಳಿದ ತೆಳು ಪದರದ ಕಷ್ಟ ನನಗೆ ಪ್ರತಿ ಜೂನ್‌ನಲ್ಲಿ ಗೊತ್ತಾಗುತ್ತದೆ. ಝೆರಾಕ್ಸ್ ಮೆಷಿನ್ ಕೆಲಸ ಮಾಡುವುದೇ ಈ ಸ್ಥಿರ ವಿದ್ಯುತ್ತಿನಿಂದ. ಒಳಗಿನ ಡ್ರಮ್ಮಿಗೆ ಚಾರ್ಜ್ ಕೊಡುತ್ತಾರೆ. ಬೆಳಕು ಬಿದ್ದಲ್ಲಿ ಚಾರ್ಜ್ ಹೋಗುತ್ತದೆ, ಅಕ್ಷರದ ನೆರಳು ಇದ್ದಲ್ಲಿ ಉಳಿಯುತ್ತದೆ. ಟೋನರ್ ಪುಡಿ ಅಲ್ಲಿ ಮಾತ್ರ ಅಂಟುತ್ತದೆ. ಅದನ್ನು ಕಾಗದಕ್ಕೆ ಎಳೆದುಕೊಳ್ಳುವುದೂ ಚಾರ್ಜೇ, ಕೊನೆಗೆ ಬಿಸಿ ಮಾಡಿ ಕರಗಿಸಿ ಅಂಟಿಸುವುದು. ಕಾಗದ ತೇವ ಆದರೆ ಚಾರ್ಜ್ ನಿಲ್ಲುವುದಿಲ್ಲ. ಅಕ್ಷರ ಮಾಸಲು ಬರುತ್ತದೆ, ಕಾಗದ ಸುರುಟಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಕಾಗದದ ಕಟ್ಟನ್ನು ಒಡೆದ ಮೇಲೆ ಬಲ್ಬ್ ಉರಿಯುವ ಮುಚ್ಚಿದ ಕಪಾಟಿನಲ್ಲಿ ಇಡುತ್ತೇನೆ. ಆ ಬೆಚ್ಚಗಿನ ಕಾಗದದಲ್ಲಿ ಪ್ರತಿ ಚೆಂದ ಬರುತ್ತದೆ.

ಈ ವಿಧಾನದಲ್ಲಿ ಮೊದಲ ಪ್ರತಿ ತೆಗೆದದ್ದು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್, 1938ರಲ್ಲಿ. ಅವರು ಚಾರ್ಜ್ ಕೊಟ್ಟದ್ದೂ ಬಟ್ಟೆಯಲ್ಲಿ ಉಜ್ಜಿಯೇ. ಗಂಧಕ ಬಳಿದ ಸತುವಿನ ತಗಡನ್ನು ಉಜ್ಜಿದ್ದು. ನಿಮ್ಮ ಮಗಳು ಮಾಡುವುದೂ ಅದೇ ಕೆಲಸ ಅಂತ ಅವಳಿಗೆ ಹೇಳಿ.

ಪೆರ್ಲದ ಅಮ್ಮ
ಇದು ಗೊತ್ತೇ ಇರಲಿಲ್ಲ ಅಣ್ಣ. ನಿಮ್ಮ ಅಂಗಡಿಗೆ ಕರೆದುಕೊಂಡು ಬಂದರೆ ಮೆಷಿನ್ ಒಳಗೆ ತೋರಿಸುತ್ತೀರಾ?

ಕುಂಬಳೆ ಝೆರಾಕ್ಸ್ ಅಂಗಡಿ
ಖಂಡಿತ. ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಆಗ ಜನ ಕಮ್ಮಿ.

ಮಂಜೇಶ್ವರದ ಎಂಜಿನಿಯರ್
ನಲ್ಲಿ ನೀರು ಬಗ್ಗಿಸುವುದನ್ನು ಯಾರೂ ಹೇಳಲಿಲ್ಲವಲ್ಲ. ನಲ್ಲಿಯನ್ನು ತೀರ ಸಣ್ಣಗೆ, ನೂಲಿನಷ್ಟು ಬಿಡಿ. ಉಜ್ಜಿದ ಪೈಪು ಹತ್ತಿರ ತನ್ನಿ. ನೀರು ಪೈಪಿನ ಕಡೆಗೆ ಬಗ್ಗುತ್ತದೆ. ಪೈಪಿಗೆ ನೀರು ತಾಗಿದರೆ ಚಾರ್ಜ್ ಹೋಯಿತು, ಮತ್ತೆ ಒಣಗಿಸಬೇಕು.

ತಾಳವಾಡಿಯ ಟೀಚರ್
ನೀರಿನ ಅಣುವಿಗೆ ಒಂದು ಕಡೆ ಧನ, ಒಂದು ಕಡೆ ಋಣ ತುದಿ ಇದೆ. ಅವು ತಿರುಗಿ ನಿಲ್ಲುವುದರಿಂದ ನೀರು ಬಗ್ಗುತ್ತದೆ. ನಾನು ಎಂಟನೇ ತರಗತಿಗೆ ಹಾಗೇ ಹೇಳಿಕೊಡುತ್ತೇನೆ.

ಮಂಜೇಶ್ವರದ ಎಂಜಿನಿಯರ್
ಟೀಚರ್, ಆ ವಿವರಣೆ ತುಂಬ ಕಡೆ ಸಿಗುತ್ತದೆ, ಆದರೆ ಮುಖ್ಯ ಕಾರಣ ಅದಲ್ಲ. ಅಣುಗಳು ತಿರುಗುವುದು ನಿಜ. ಅದರಿಂದ ಸಿಗುವ ಸೆಳೆತ ಅಷ್ಟು ಬಗ್ಗಿಸಲು ಸಾಲುವುದಿಲ್ಲ. ನಲ್ಲಿ ನೀರಿನಲ್ಲಿ ಕರಗಿದ ಲವಣಗಳಿಂದ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ಇವೆ. ಋಣ ಚಾರ್ಜಿನ ಪೈಪು ಹತ್ತಿರ ಬಂದಾಗ ಋಣ ಅಯಾನುಗಳು ನಲ್ಲಿಯ ಕಡೆಗೆ ಹಿಂದೆ ಸರಿಯುತ್ತವೆ, ಕೆಳಗೆ ಬೀಳುವ ನೀರಿನಲ್ಲಿ ಧನ ಚಾರ್ಜ್ ಜಾಸ್ತಿ ಉಳಿಯುತ್ತದೆ. ಆ ನೀರನ್ನು ಪೈಪು ಎಳೆಯುತ್ತದೆ.

ತಾಳವಾಡಿಯ ಟೀಚರ್
ಪಠ್ಯದಲ್ಲಿ ಇರುವುದನ್ನು ಬಿಟ್ಟು ಹೇಳಿದರೆ ಪರೀಕ್ಷೆಯಲ್ಲಿ ಮಕ್ಕಳಿಗೆ ಅಂಕ ಯಾರು ಕೊಡುತ್ತಾರೆ ಸರ್?

ಮುಳ್ಳೇರಿಯದ ಮಾಷ್ಟ್ರು
ಟೀಚರ್ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಎಂಜಿನಿಯರ್ ಹೇಳಿದ್ದು ಸರಿ. ಆರನೇ ಕ್ಲಾಸಿನ ಮಗುವಿಗೆ ಅಣುವಿನ ತುದಿ ಬೇಡ. ಚಾರ್ಜ್ ಹತ್ತಿರ ಬಂದರೆ ನೀರಿನೊಳಗಿನ ಚಾರ್ಜ್ ಸರಿಯುತ್ತದೆ ಅಂದರೆ ಸಾಕು. ಅದು ಸುಳ್ಳೂ ಅಲ್ಲ, ದೊಡ್ಡ ಕ್ಲಾಸಿನಲ್ಲಿ ಮತ್ತೆ ಅಳಿಸಿ ಬರೆಯಬೇಕಾದ್ದೂ ಇಲ್ಲ.

ಗಡಿನಾಡು ಗ್ಯಾಜೆಟ್
ಇಷ್ಟೆಲ್ಲ ಉಜ್ಜುವುದು ಯಾಕೆ? ಸೊಳ್ಳೆ ಬ್ಯಾಟ್ ಬಿಚ್ಚಿ ಎರಡು ವಯರ್ ಹೊರಗೆ ತಂದರೆ ಬೇಕಾದಷ್ಟು ವೋಲ್ಟೇಜ್. ಮಳೆಯೂ ಲೆಕ್ಕಕ್ಕಿಲ್ಲ.

ಮಂಜೇಶ್ವರದ ಎಂಜಿನಿಯರ್
ದಯವಿಟ್ಟು ಬೇಡ. ಯಾರೂ ಮಾಡಬೇಡಿ. ಬ್ಯಾಟಿನೊಳಗೆ ಚಾರ್ಜ್ ತುಂಬಿಡುವ ಕೆಪಾಸಿಟರ್ ಇರುತ್ತದೆ, ಬಟನ್ ಬಿಟ್ಟ ಮೇಲೂ ಅದರಲ್ಲಿ ಚಾರ್ಜ್ ಉಳಿಯಬಹುದು. ಉಜ್ಜಿದ ಪೈಪಿನಲ್ಲೂ ಸಾವಿರಾರು ವೋಲ್ಟ್ ಇರುತ್ತದೆ. ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಆದರೆ ಅಲ್ಲಿ ಚಾರ್ಜ್ ತೀರ ಕಮ್ಮಿ, ಕಣ್ಣು ಮಿಟುಕಿಸುವ ಮೊದಲೇ ಖಾಲಿ. ಅದಕ್ಕೇ ಅಪಾಯ ಇಲ್ಲ. ಕೆಪಾಸಿಟರ್ ಹಾಗಲ್ಲ. ಪ್ಲಗ್ಗಿಗೆ ಹಾಕುವ ಯಾವ ಸಾಮಾನೂ ಈ ಪ್ರಯೋಗದ ಹತ್ತಿರ ಬರಬಾರದು.

ಉಪ್ಪಳದ ಅತ್ತಿಗೆ
ಸರಿಯಾಗಿ ಹೇಳಿದಿರಿ. ಪುಗ್ಗೆಯ ವಿಷಯವೂ ಸೇರಿಸುತ್ತೇನೆ. ಮನೆಯಲ್ಲಿ ಸಣ್ಣ ಪಾಪು ಇದ್ದರೆ ಒಡೆದ ಪುಗ್ಗೆಯ ಚೂರು ಕೂಡಲೇ ಹೆಕ್ಕಿ. ಗಂಟಲಲ್ಲಿ ಸಿಕ್ಕಿದರೆ ತೆಗೆಯುವುದು ಬಹಳ ಕಷ್ಟ.

ಗಡಿನಾಡು ಗ್ಯಾಜೆಟ್
ಸರಿ, ಒಪ್ಪಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮಡಕಶಿರಾದಿಂದ
ನಮ್ಮ ಊರಿನಲ್ಲಿ ಮಳೆಯೇ ಕಮ್ಮಿ, ಹಾಗಾಗಿ ನಿಮ್ಮ ಕಷ್ಟ ನಮಗಿಲ್ಲ. ಆದರೆ ಚಾರ್ಜ್ ಇದೆಯಾ ಇಲ್ಲವಾ ಅಂತ ತೋರಿಸುವ ಒಂದು ಸಾಧನ ಮಾಡಿಕೊಂಡರೆ ಮಕ್ಕಳಿಗೆ ಒಳ್ಳೆಯದು. ಒಂದು ಮಂಡಕ್ಕಿ ಕಾಳನ್ನು ಚಾಕಲೇಟಿನ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ. ತೆಳು ನೈಲಾನ್ ದಾರದಲ್ಲಿ ನೇತುಹಾಕಿ. ಉಜ್ಜಿದ ಪೈಪು ತಂದರೆ ಕಾಳು ಓಡಿ ಬಂದು ಮುಟ್ಟುತ್ತದೆ. ಮುಟ್ಟಿದ ಕ್ಷಣವೇ ದೂರ ಹಾರುತ್ತದೆ. ಆಮೇಲೆ ಪೈಪು ಹತ್ತಿರ ಬಂದಷ್ಟೂ ತಪ್ಪಿಸಿಕೊಳ್ಳುತ್ತದೆ. ಮುಟ್ಟಿದಾಗ ಪೈಪಿನ ಚಾರ್ಜ್ ಅದಕ್ಕೂ ಬಂತು. ಇಬ್ಬರದ್ದೂ ಒಂದೇ ಜಾತಿ ಚಾರ್ಜ್ ಆದದ್ದರಿಂದ ತಳ್ಳುತ್ತದೆ.

ಚಾರ್ಜಿನಲ್ಲಿ ಎರಡು ಜಾತಿ ಇದೆ ಅಂತ ತೋರಿಸಿದ್ದು ಫ್ರಾನ್ಸಿನ ದು ಫೇ, 1733ರ ಹೊತ್ತಿಗೆ. ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟು ವರ್ಷ ಜನ ಒಳಗಿನ ಕಣ ಗೊತ್ತಿಲ್ಲದೇ, ಹೀಗೆ ಉಜ್ಜಿ ಉಜ್ಜಿಯೇ ಇಷ್ಟನ್ನು ಕಂಡುಕೊಂಡರು. ಮಕ್ಕಳಿಗೆ ಮೊದಲು ಉಜ್ಜಲು ಬಿಡಿ, ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆದ್ದಾರಿ ಡ್ರೈವರ್
ಟ್ಯಾಂಕರ್ ಲಾರಿಯ ಹಿಂದೆ ಸರಪಳಿ ನೇತಾಡುವುದು ಇದಕ್ಕೇ ಅಲ್ವಾ? ರಸ್ತೆಗೆ ತಾಗಿ ಚಾರ್ಜ್ ನೆಲಕ್ಕೆ ಹೋಗಲಿ ಅಂತ.

ಮಂಜೇಶ್ವರದ ಎಂಜಿನಿಯರ್
ಹೌದು. ಇಂಧನ ತುಂಬುವಾಗ, ಇಳಿಸುವಾಗ ಟ್ಯಾಂಕರಿಗೆ ಬೇರೆ ಅರ್ಥ್ ವಯರ್ ಸಿಕ್ಕಿಸುತ್ತಾರೆ, ಅದು ಇನ್ನೂ ಮುಖ್ಯ. ಪೆಟ್ರೋಲ್ ಹರಿಯುವಾಗಲೂ ಚಾರ್ಜ್ ಹುಟ್ಟುತ್ತದೆ. ಸಿಕ್ಕಿದ ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕಿಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಅಕ್ಕಲಕೋಟೆ ಕನ್ನಡಿಗ
ನಮ್ಮ ಹುಡುಗರು ಥರ್ಮೊಕೋಲ್ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಕಿಡಿ ತೆಗೆಯುತ್ತಾರೆ. ಒಮ್ಮೆ ಉಜ್ಜಿದರೆ ಮತ್ತೆ ಮತ್ತೆ ಕಿಡಿ ಬರುತ್ತಲೇ ಇರುತ್ತದೆ. ಪುಕ್ಕಟೆ ಕರೆಂಟು ಅಂತಾರೆ. ಅದು ಹೇಗೆ ರೀ?

ಮುಳ್ಳೇರಿಯದ ಮಾಷ್ಟ್ರು
ಪುಕ್ಕಟೆ ಅಲ್ಲ, ಆದರೆ ಬಹಳ ಚೆಂದದ ಪ್ರಯೋಗ. ಸ್ವೀಡನ್ನಿನ ವಿಲ್ಕೆ 1762ರಲ್ಲಿ ಮಾಡಿದ್ದು, ವೋಲ್ಟಾ 1775ರಲ್ಲಿ ಎಲ್ಲರಿಗೂ ಪರಿಚಯ ಮಾಡಿಸಿದ್ದು. ಥರ್ಮೊಕೋಲ್ ಹಲಗೆಯನ್ನು ಉಣ್ಣೆಯಲ್ಲಿ ಉಜ್ಜಿ. ಅಲ್ಯುಮಿನಿಯಂ ಮುಚ್ಚಳದ ನಡುವೆ ಒಂದು ಪ್ಲಾಸ್ಟಿಕ್ ಲೋಟ ಅಂಟಿಸಿ, ಅದೇ ಹಿಡಿ. ಮುಚ್ಚಳವನ್ನು ಹಲಗೆಯ ಮೇಲಿಟ್ಟು ಬೆರಳಲ್ಲಿ ಒಮ್ಮೆ ಮುಟ್ಟಿ ಕೈ ತೆಗೆಯಿರಿ. ಈಗ ಲೋಟ ಹಿಡಿದು ಎತ್ತಿ, ಇನ್ನೊಂದು ಕೈಯ ಬೆರಳು ಹತ್ತಿರ ತನ್ನಿ. ಟಿಕ್ ಅಂತ ಕಿಡಿ.

ಥರ್ಮೊಕೋಲ್‌ನ ಋಣ ಚಾರ್ಜ್ ಅಲ್ಲೇ ಇರುತ್ತದೆ. ಬೆರಳು ಮುಟ್ಟಿದಾಗ ಮುಚ್ಚಳದ ಎಲೆಕ್ಟ್ರಾನ್‌ಗಳು ನಿಮ್ಮ ಕೈಗೆ ಓಡಿ ಮುಚ್ಚಳ ಧನ ಆಗುತ್ತದೆ. ಋಣದ ಮೇಲಿಂದ ಧನವನ್ನು ಎತ್ತುವಾಗ ಸೆಳೆತಕ್ಕೆ ಎದುರಾಗಿ ನೀವು ಶಕ್ತಿ ಹಾಕುತ್ತೀರಿ. ಕಿಡಿಯ ಶಕ್ತಿ ಬಂದದ್ದು ಅಲ್ಲಿಂದ, ನಿಮ್ಮ ತೋಳಿನಿಂದ.

ಬದಿಯಡ್ಕದವ
ಇದು ಮಾತ್ರ ನಾನೂ ಮಾಡಿ ನೋಡುತ್ತೇನೆ.

ತಾಳವಾಡಿಯ ಟೀಚರ್
ಮಕ್ಕಳು ಸಿಡಿಲಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಸಿಡಿಲೂ ವಿದ್ಯುತ್ತೇ ಅಂತ ನೋಡಲು ಗುಡುಗಿನ ಹೊತ್ತಲ್ಲಿ ಗಾಳಿಪಟ ಹಾರಿಸಿದ ಫ್ರಾಂಕ್ಲಿನ್ ಕತೆ ಹೇಳಬಹುದಾ?

ಮುಳ್ಳೇರಿಯದ ಮಾಷ್ಟ್ರು
ಹೇಳಿ. ಆದರೆ 1752ರ ಆ ಕತೆಯ ಜೊತೆಗೆ ರಿಚ್‌ಮನ್ ಕತೆಯನ್ನೂ ಹೇಳಿ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗುಡುಗು ಬರುವಾಗ ಮನೆಯೊಳಗೆ ಸಾಧನ ಇಟ್ಟು ಅಳೆಯಲು ಹೋಗಿ ಸಿಡಿಲು ಬಡಿದು ತೀರಿಕೊಂಡ ವಿಜ್ಞಾನಿ ಅವರು. ನಮ್ಮ ಕಡೆ ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್–ನವೆಂಬರಿನ ತುಲಾ ಮಳೆಗೆ ಸಂಜೆ ಹೊತ್ತು ಗುಡುಗು ಸಿಡಿಲು ಜಾಸ್ತಿ. ಆಗ ತೋಟದಲ್ಲಿ, ತೆಂಗಿನ ಮರದ ಬುಡದಲ್ಲಿ ನಿಲ್ಲಬಾರದು. ಅಡಿಕೆ ಕೊಯ್ಯುವ ದೋಟಿ ಹಿಡಿದಿದ್ದರೆ ಕೆಳಗಿಟ್ಟು ಮನೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಅಂಗಳಕ್ಕೆ ಇಳಿಯುವುದು ಬೇಡ.

ತೋಟದ ಹುಡುಗ, ಎಣ್ಮಕಜೆ
ದೋಟಿ ಈಗ ಎಲ್ಲ ಕಡೆ ಫೈಬರ್ ಮಾಷ್ಟ್ರೇ. ಫೈಬರ್ ಆದರೆ ತೊಂದರೆ ಇಲ್ಲ ಅಂತ ಹೇಳುವವರಿದ್ದಾರೆ.

ಮುಳ್ಳೇರಿಯದ ಮಾಷ್ಟ್ರು
ಯಾವುದರದ್ದೇ ಇರಲಿ ಮಗಾ, ಒದ್ದೆ ದೋಟಿ ಒದ್ದೆಯೇ. ಆ ತೆಳು ಪದರದ ಮಾತು ಅಲ್ಲಿಗೂ ಅನ್ವಯ. ಸಿಡಿಲಿನಲ್ಲಿ ಹರಿಯುವುದು ಸಾವಿರಾರು ಆಂಪಿಯರ್. ಹಿಡಿಯಬೇಡಿ.

ಪೆರ್ಲದ ಅಮ್ಮ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಪೈಪಿನ ತುಂಡು ಸಿಕ್ಕಿತು. ಬಚ್ಚಲ ಒಲೆಯ ಹತ್ತಿರ ಬೆಚ್ಚಗೆ ಮಾಡಿ ಅಜ್ಜನ ಶಾಲಿನಲ್ಲಿ ಉಜ್ಜಿದೆವು. ಹೊರಗೆ ಮಳೆ ಹೊಡೆಯುತ್ತಿದ್ದರೂ ಟಿಶ್ಯೂ ಚೂರುಗಳು ಎದ್ದು ಬಂದವು! ತಣ್ಣಗಿನ ಪೈಪಿನಲ್ಲಿ ಬರಲಿಲ್ಲ. ಮಗಳು ಈಗ ಒಲೆಯ ಹತ್ತಿರದಿಂದ ಏಳುತ್ತಿಲ್ಲ. ಆದರೆ ಅವಳದ್ದೊಂದು ಪ್ರಶ್ನೆ. ಉಜ್ಜಿದ್ದು ಪೈಪನ್ನು. ಕಾಗದವನ್ನು ಯಾರೂ ಉಜ್ಜಲಿಲ್ಲ, ಅದರಲ್ಲಿ ಚಾರ್ಜ್ ಇಲ್ಲ. ಮತ್ತೆ ಅದು ಯಾಕೆ ಬರುತ್ತದೆ?

ಮಡಕಶಿರಾದಿಂದ
ಬಹಳ ಒಳ್ಳೆಯ ಪ್ರಶ್ನೆ ಪುಟ್ಟಿದು. ಕಾಗದದಲ್ಲಿ ಚಾರ್ಜ್ ಇಲ್ಲ ಅಂತಲ್ಲ, ಧನ ಋಣ ಎರಡೂ ಸಮ ಸಮ ಇದೆ. ಋಣ ಚಾರ್ಜಿನ ಪೈಪು ಹತ್ತಿರ ಬಂದಾಗ ಕಾಗದದೊಳಗಿನ ಎಲೆಕ್ಟ್ರಾನ್‌ಗಳು ಸ್ವಲ್ಪ ಆಚೆ ಸರಿಯುತ್ತವೆ. ಪೈಪಿನ ಕಡೆಯ ಮುಖ ಧನ, ಆಚೆ ಮುಖ ಋಣ ಆಗುತ್ತದೆ. ಹತ್ತಿರದ ಧನಕ್ಕೆ ಸೆಳೆತ ಜಾಸ್ತಿ, ದೂರದ ಋಣಕ್ಕೆ ತಳ್ಳಾಟ ಕಮ್ಮಿ. ಒಟ್ಟಿನಲ್ಲಿ ಸೆಳೆತ ಗೆಲ್ಲುತ್ತದೆ. ಪುಗ್ಗೆ ಗೋಡೆಗೆ ಅಂಟುವುದೂ ಹೀಗೇ. ನಿಮ್ಮ ಗೋಡೆ ಮಳೆಗೆ ತೇವ ಇರಬೇಕು, ಮರದ ಕಪಾಟಿನ ಬಾಗಿಲಿಗೆ ಅಂಟಿಸಿ ನೋಡಲಿ.

ಪೆರ್ಲದ ಅಮ್ಮ
ಹೇಳುತ್ತೇನೆ. ಇನ್ನೊಂದೇ ಚಿಂತೆ. ಶಾಲೆಯಲ್ಲಿ ಬಚ್ಚಲ ಒಲೆ ಇಲ್ಲವಲ್ಲ. ಬಸ್ಸಿನಲ್ಲಿ ಮಳೆಯಲ್ಲಿ ಒಯ್ಯುವಾಗಲೇ ಎಲ್ಲ ಥಂಡಿ ಆಗುತ್ತದೆ.

ಕುಂಬಳೆ ಝೆರಾಕ್ಸ್ ಅಂಗಡಿ
ಹಪ್ಪಳ ಇಡುವ ಗಾಳಿಯಾಡದ ಡಬ್ಬಿ ಇರುತ್ತದಲ್ಲ, ಅದರಲ್ಲಿ ಹಿಡಿಸುವ ಹಾಗೆ ಪೈಪನ್ನು ತುಂಡು ಮಾಡಿ. ಶಾಲು, ಟಿಶ್ಯೂ ಎಲ್ಲ ಬೆಚ್ಚಗಿರುವಾಗಲೇ ಒಳಗಿಟ್ಟು ಮುಚ್ಚಿ. ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಸಿಕ್ಕಿದಷ್ಟು ಹಾಕಿ, ನನ್ನ ಅಂಗಡಿಯಲ್ಲೂ ಉಂಟು, ಕೊಡುತ್ತೇನೆ. ಪೊಟ್ಟಣ ಮಕ್ಕಳು ಬಾಯಿಗೆ ಹಾಕದಿರಲಿ. ಅವಳ ಸರದಿ ಬಂದಾಗಲೇ ಮುಚ್ಚಳ ತೆಗೆಯಲಿ, ಫ್ಯಾನ್ ಬಂದ್ ಮಾಡಲು ಟೀಚರಿಗೆ ಹೇಳಿ. ಇಲ್ಲದಿದ್ದರೆ ಟಿಶ್ಯೂ ಚೂರು ಗಾಳಿಗೇ ಹಾರಿಹೋಗುತ್ತದೆ.

ಉಪ್ಪಳದ ಅತ್ತಿಗೆ
ಇಸ್ತ್ರಿಪೆಟ್ಟಿಗೆ ಶಾಲೆಯ ಆಫೀಸಿನಲ್ಲಿ ಇದ್ದರೆ ಒಮ್ಮೆ ಕೇಳಿ ನೋಡಿ. ಶಾಲಿಗೆ ಇಸ್ತ್ರಿ ಹಾಕುವುದು ಟೀಚರೇ ಮಾಡಲಿ.